ಒಂದು ಹಿಡಿ, ಎರಡು ನಳಿಗೆ

ಒಂದೇ ವಸ್ತುವಿನಿಂದ ಎರಡು ಕೆಲಸ ತೆಗೆಯಬೇಕೆಂಬ ಹಂಬಲ ಮಧ್ಯಮವರ್ಗದ ಸಂಸಾರಿಗೆ ಹುಟ್ಟುಗುಣ. ಹಗಲು ಸೋಫಾ ಆಗಿದ್ದು ರಾತ್ರಿ ಮಂಚವಾಗುವ ಪೀಠ, ಅಕ್ಕಿಯನ್ನು ರುಬ್ಬಿ ಕಾಯಿಯನ್ನೂ ತುರಿಯುವ ಯಂತ್ರ, ಒಳಗನ್ನು ಹೊರಗೆ ಮಾಡಿಯೂ ತೊಡಬಹುದಾದ ಸ್ವೆಟರು, ಇವುಗಳನ್ನು ಕಂಡಾಗ ಗೃಹಸ್ಥನ ಕಣ್ಣು ಅರಳುತ್ತದೆ. ಎರಡು ಕೊಳ್ಳಬೇಕಾದಲ್ಲಿ ಒಂದನ್ನೇ ಕೊಂಡು ಗೆದ್ದೆನೆಂಬ ಸಮಾಧಾನ ಅವನಿಗೆ. ಗೃಹಿಣಿಯ ಅಭಿಪ್ರಾಯ ಮಾತ್ರ ಹಲವು ವೇಳೆ ಬೇರೆಯಾಗಿರುವುದುಂಟು. ಸೋಫಾ ಮಂಚವಾದ ಮೇಲೆ ಬಂದ ನೆಂಟರು ಎಲ್ಲಿ ಕುಳಿತುಕೊಳ್ಳಬೇಕೆಂದು ಆಕೆ ಕೇಳುತ್ತಾಳೆ. ಈ ವಾದ ನಡೆಯದ ಮನೆಯಿಲ್ಲ. ಬೆಂಗಳೂರಿನ ಒಂದು ಮನೆಯಲ್ಲಿ ಇದೇ ವಾದವು ಒಂದು ಪಿಸ್ತೂಲಿನ ವಿಷಯದಲ್ಲಿ ಎಂಟು ತಿಂಗಳ ಕಾಲ ನಡೆಯಿತು.

ಪಿಸ್ತೂಲೆಂದ ಕೂಡಲೆ ಓದುಗರು ಗಾಬರಿಪಡಬೇಕಾಗಿಲ್ಲ. ಆ ಮನೆಯ ಯಜಮಾನರು ಒಂದು ಬ್ಯಾಂಕಿನ ಕ್ಯಾಷಿಯರರು. ವಯಸ್ಸು ನಲವತ್ತೊಂದು. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಬಳಸಿ ನಡೆಯುವ ಸ್ವಭಾವ. ವಾರವೆಲ್ಲ ಇತರರ ಹಣವನ್ನು ಎಣಿಸಿ, ಭಾನುವಾರ ಬೆಳಗ್ಗೆ ಶೂಟಿಂಗ್ ರೇಂಜಿಗೆ ಹೋಗಿ, 25 ಮೀಟರ್ ದೂರದ ಗುರಿಹಲಗೆಯ ಕಾಗದದಲ್ಲಿ ತೂತುಗಳನ್ನು ಮಾಡಿ, ಅವುಗಳನ್ನೂ ಎಣಿಸಿಕೊಂಡು ಊಟದ ಹೊತ್ತಿಗೆ ಮನೆ ಸೇರುವುದು ಅವರ ಕ್ರಮವಾಗಿತ್ತು. ಬೇರೆ ಚಟವಿರಲಿಲ್ಲವಾಗಿ ಅವರ ಪತ್ನಿಯೂ ಇದನ್ನು ಸಹಿಸಿಕೊಂಡಿದ್ದರು. ಹನ್ನೊಂದು ವರ್ಷಗಳ ಹಿಂದೆ ಆ ಪಿಸ್ತೂಲನ್ನು ಇನ್ನೊಬ್ಬ ಸ್ಪರ್ಧಿಯಿಂದ ಕೊಳ್ಳುವಾಗ ಆಕೆಯ ನಾಲ್ಕು ಬಳೆಗಳು ಅದೇ ಬ್ಯಾಂಕಿನಲ್ಲಿ ಅಡವಿಗೆ ಹೋಗಿ, ಎರಡು ವರ್ಷದ ಬಳಿಕ ಬಿಡುಗಡೆಯಾಗಿ ಬಂದಿದ್ದವು. ಆದುದರಿಂದ ಆ ಪಿಸ್ತೂಲಿನ ಮಾತು ಬಂದಾಗ ಆಕೆಗೂ ಒಂದು ಮತವಿರುವುದು ನ್ಯಾಯವೇ ಆಗಿತ್ತು.

ಪಿಸ್ತೂಲು ಜರ್ಮನಿಯ ವಾಲ್ಥರ್ ಕಾರ್ಖಾನೆಯದು; ಹೆಸರು ಜಿ.ಎಸ್.ಪಿ. ಮೊದಲು ಝೆಲ್ಲಾ-ಮೆಲಿಸ್ ಎಂಬ ಊರಿನಲ್ಲಿದ್ದ ಆ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡು, ಅನಂತರ ಡ್ಯಾನ್ಯೂಬ್ ನದಿಯ ದಂಡೆಯ ಉಲ್ಮ್ ನಗರದಲ್ಲಿ ಮತ್ತೆ ತಲೆಯೆತ್ತಿತು. ಅಲ್ಲಿಂದ 1968ರಲ್ಲಿ ಹೊರಬಂದ ಕೂಸು ಇದು. ನೋಡಲು ಚೆಲುವಾದುದೇನೂ ಅಲ್ಲ. ಚಚ್ಚೌಕದ ಉಕ್ಕಿನ ಪೆಟ್ಟಿಗೆಗೆ ಮರದ ಹಿಡಿಯನ್ನು ಜೋಡಿಸಿದಂತೆ ಕಾಣುತ್ತದೆ. ಸಾಮಾನ್ಯ ಪಿಸ್ತೂಲುಗಳಲ್ಲಿ ತೋಟಾಗಳನ್ನು ತುಂಬುವ ಮ್ಯಾಗಜೀನು ಹಿಡಿಯ ಒಳಗೆ ಸೇರುತ್ತದೆ. ಇದರಲ್ಲಿ ಅದು ಟ್ರಿಗರಿನ ಮುಂದೆ ಇದೆ. ಇದರಿಂದ ಎರಡು ಲಾಭಗಳು. ತೂಕವು ಮುಂದಕ್ಕೆ ಬಂದು ನಳಿಗೆ ನೆಮ್ಮದಿಯಾಗಿ ನಿಲ್ಲುತ್ತದೆ. ಹಿಡಿಯೊಳಗೆ ಏನನ್ನೂ ತುರುಕಬೇಕಾಗಿಲ್ಲವಾದುದರಿಂದ ಅದನ್ನು ಹಿಡಿಯುವವನ ಅಂಗೈಗೆ ತಕ್ಕಂತೆ ಕೆತ್ತಿಕೊಳ್ಳಬಹುದು.

ಕ್ಯಾಷಿಯರರು ಕೆತ್ತಿಕೊಂಡಿದ್ದರು. ಅದು ಒಂದು ದಿನದ ಕೆಲಸವಲ್ಲ. ಅಂಗೈಯ ಯಾವ ಉಬ್ಬು ಮರಕ್ಕೆ ಒತ್ತುತ್ತದೆ, ಯಾವ ತಗ್ಗು ಟೊಳ್ಳಾಗಿ ಉಳಿಯುತ್ತದೆ ಎಂದು ನೋಡಿ, ಒತ್ತಿದ ಕಡೆ ಅರದಿಂದ ಉಜ್ಜಿ, ಟೊಳ್ಳಾದ ಕಡೆ ಮರದ ಪುಡಿಯ ಮೇಣವನ್ನು ಮೆತ್ತಿ, ಮುಂದಿನ ಭಾನುವಾರ ಪರೀಕ್ಷಿಸಿ, ಮತ್ತೆ ಉಜ್ಜಿ, ಮತ್ತೆ ಮೆತ್ತಿ, ಮೂರು ವರ್ಷಗಳಲ್ಲಿ ಅದು ಅವರ ಕೈಗೆ ಎರಕ ಹೊಯ್ದಂತೆ ಕುಳಿತಿತ್ತು. ಕಣ್ಣು ಮುಚ್ಚಿ ತೋಳನ್ನೆತ್ತಿ ಕಣ್ಣು ತೆರೆದರೆ, ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿಯೇ ಬಂದು ನಿಂತಿರುತ್ತಿತ್ತು. ಪಿಸ್ತೂಲು ಹೊಡೆಯುವವನಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಆ ಪಿಸ್ತೂಲಿನ ನಳಿಗೆಯ ಕ್ಯಾಲಿಬರ್ .22, ಎಂದರೆ ಅಂಗುಲವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಇಪ್ಪತ್ತೆರಡು. ಹನ್ನೊಂದು ವರ್ಷ ಇದರಲ್ಲೇ ತೃಪ್ತರಾಗಿದ್ದ ಕ್ಯಾಷಿಯರರಿಗೆ ಸೆಂಟರ್ ಫೈರ್ ಎಂಬ ಸ್ಪರ್ಧೆಯ ಮೇಲೆ ಆಸೆ ಹುಟ್ಟಿತು. ಅದರಲ್ಲಿಯೂ ದೂರ 25 ಮೀಟರ್. ಒಟ್ಟು 60 ಗುಂಡುಗಳು. ಮೊದಲಿನ 30 ನಿಧಾನದ ಗುಂಡುಗಳು. ಐದು ಗುಂಡಿಗೆ ಐದು ನಿಮಿಷ. ಗುರಿಯ ನಡುವಿನ ಹತ್ತು ಅಂಕದ ವೃತ್ತಕ್ಕೆ 50 ಮಿಲಿಮೀಟರ್ ಅಗಲ, ಒಂದು ನಿಂಬೆಹಣ್ಣಿನಷ್ಟು. ಉಳಿದ 30 ಅವಸರದವು. ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಆ ಮೂರು ಸೆಕೆಂಡಿನಲ್ಲಿ ತೋಳನ್ನೆತ್ತಿ ಒಂದೇ ಒಂದು ಗುಂಡನ್ನು ಹೊಡೆಯಬೇಕು. ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಯಿಲ್ಲ. ಆದರೆ ಭಾರತೀಯರಿಗೆ ಇದರ ಮೇಲೆ ಅಭಿಮಾನವಿರುವುದಕ್ಕೆ ಕಾರಣವಿದೆ. 1994ರ ಹಿರೋಷಿಮಾ ಏಷ್ಯನ್ ಕ್ರೀಡೆಗಳಲ್ಲಿ ಜಸ್‌ಪಾಲ್ ರಾಣಾ ಇದರಲ್ಲಿ ಚಿನ್ನ ಗೆದ್ದರು. ಹನ್ನೆರಡು ವರ್ಷಗಳ ಮೇಲೆ, 2006ರಲ್ಲಿ, ದೋಹಾದಲ್ಲಿ 600ಕ್ಕೆ 590 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿ ಮತ್ತೆ ಚಿನ್ನ ಪಡೆದರು. ಅದೇ ದೋಹಾದಲ್ಲಿ .22ರ ಸ್ಟ್ಯಾಂಡರ್ಡ್ ಪಿಸ್ತೂಲು ಸ್ಪರ್ಧೆಯ ಚಿನ್ನವೂ ಅವರದೇ. ಒಬ್ಬನೇ ಮನುಷ್ಯ, ಎರಡು ಕ್ಯಾಲಿಬರು. ಕ್ಯಾಷಿಯರರ ಆಸೆಗೆ ಬೀಜ ಬಿದ್ದದ್ದು ಇಲ್ಲಿ.

ಆದರೆ ಸೆಂಟರ್ ಫೈರಿಗೆ .22 ನಡೆಯದು. ನಿಯಮದ ಪ್ರಕಾರ ಕ್ಯಾಲಿಬರ್ 7.62 ಮಿಲಿಮೀಟರಿಗೆ ಕಡಿಮೆಯಾಗಬಾರದು, 9.65ಕ್ಕೆ ಹೆಚ್ಚಾಗಬಾರದು. ಸ್ಪರ್ಧಿಗಳಲ್ಲಿ ಬಹುಮಂದಿ ಹಿಡಿಯುವುದು .32 ಪಿಸ್ತೂಲನ್ನು. ನಳಿಗೆಯೊಂದನ್ನು ಬದಲಾಯಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಕ್ಯಾಷಿಯರರ ಪತ್ನಿಯೂ ಕೇಳಿದರು. ಕೊಳವೆ ಬದಲಾಯಿಸಿದ ಮಾತ್ರಕ್ಕೆ ನಲ್ಲಿ ಬದಲಾಗದು. 1887ರಷ್ಟು ಹಿಂದೆ ಹುಟ್ಟಿದ .22 ಲಾಂಗ್ ರೈಫಲ್ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನ ಸುತ್ತ ಇರುತ್ತದೆ. ಹೊಡೆಯುವ ಮೊಳೆ ಅಂಚಿಗೆ ತಾಕಬೇಕು. 1896ರ .32 ತೋಟಾದಲ್ಲಿ ಅದು ತಳದ ನಟ್ಟನಡುವೆ ಇರುತ್ತದೆ. ಸ್ಪರ್ಧೆಗೆ ಸೆಂಟರ್ ಫೈರ್ ಎಂಬ ಹೆಸರು ಬಂದದ್ದು ಇದರಿಂದಲೇ. ಮೊದಲನೆಯದರ ಗುಂಡು ಸುಮಾರು ಎರಡೂವರೆ ಗ್ರಾಂ. ಎರಡನೆಯದರದು ಆರೂವರೆ ಗ್ರಾಮಿನಷ್ಟು. ಅದರ ಹಿಂದೊದೆತವನ್ನು ತಡೆಯಲು ಬೇರೆಯೇ ಬೋಲ್ಟು, ಬೇರೆಯೇ ಸ್ಪ್ರಿಂಗು ಬೇಕು. ದಪ್ಪ ತೋಟಾಗಳಿಗೆ ಬೇರೆಯೇ ಮ್ಯಾಗಜೀನು ಬೇಕು. ಸ್ಪರ್ಧೆಯ .32 ಗುಂಡಿಗೆ ಮೂಗೂ ಇಲ್ಲ; ಮುಂಭಾಗ ಚಪ್ಪಟೆಯಾಗಿದ್ದು ಹಿತ್ತಾಳೆಯ ಕೋಶದ ಬಾಯಿಗೆ ಸಮನಾಗಿ ಒಳಗೆ ಅಡಗಿರುತ್ತದೆ. ಅದು ಕಾಗದವನ್ನು ಹರಿಯದೆ, ಪಂಚಿನಿಂದ ಕತ್ತರಿಸಿದಂತೆ ದುಂಡಾದ ತೂತು ಮಾಡುತ್ತದೆ. ಅಂಕ ಎಣಿಸುವವರಿಗೆ ಜಗಳವಿಲ್ಲ.

ಇಷ್ಟನ್ನೂ ಯೋಚಿಸಿಯೇ ಉಲ್ಮಿನ ತಂತ್ರಜ್ಞರು ಒಂದು ಉಪಾಯ ಮಾಡಿದ್ದರು. ಜಿ.ಎಸ್.ಪಿ.ಯ ಮೇಲ್ಭಾಗವನ್ನು ನಳಿಗೆ, ಬೋಲ್ಟುಗಳ ಸಮೇತ ಕಳಚಿ, .32ರ ಮೇಲ್ಭಾಗವನ್ನು ಅದೇ ಕೆಳಮೈಯ ಮೇಲೆ ಕೂರಿಸಬಹುದು. ಹಿಡಿ ಅದೇ, ಕೋನ ಅದೇ. ಇದಕ್ಕೆ ಪರಿವರ್ತನೆಯ ಕಿಟ್ಟು ಎನ್ನುತ್ತಾರೆ. ಬೇರೆ ರಾಜ್ಯದಲ್ಲಿ ಶೂಟಿಂಗ್ ಬಿಟ್ಟ ಒಬ್ಬ ಸ್ಪರ್ಧಿಯ ಇಂಥ ಕಿಟ್ಟು ಮಾರಾಟಕ್ಕಿದೆಯೆಂದು ವ್ಯಾಪಾರಿಯೊಬ್ಬರು ತಿಳಿಸಿದರು. ಸರಿಯಾಗಿ ಅದೇ ತಿಂಗಳು ರೇಂಜಿನ ಸುಬೇದಾರರು ತಮ್ಮ .32 ಪಿಸ್ತೂಲನ್ನು ಕೊಡುವ ಮನಸ್ಸು ಮಾಡಿದರು. ಕಷ್ಟವು ಹೀಗೆಯೇ ಬರುತ್ತದೆ. ಒಂದೂ ಸಿಗದಿದ್ದಾಗ ಮನುಷ್ಯ ಸುಖವಾಗಿರುತ್ತಾನೆ.

ಸುಬೇದಾರರು ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು, ವಯಸ್ಸು ಅರವತ್ತೆಂಟು. ಅವರ ಪಿಸ್ತೂಲು ಇಟಲಿಯ ಪಾರ್ಡಿನಿ. ಬಹಳ ಜತನದಿಂದ ಇಟ್ಟದ್ದು. ಒಂದು ವರ್ಷದಿಂದ ಅವರ ಬಲಗೈ ನಡುಗತೊಡಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿಯುವುದನ್ನು ನೋಡಿ ಎಲ್ಲರೂ ತಿಳಿದುಕೊಂಡಿದ್ದರು. ಒಂದು ಭಾನುವಾರ ಅವರು ಕ್ಯಾಷಿಯರರನ್ನು ಪಕ್ಕಕ್ಕೆ ಕರೆದು, "ಕ್ಯಾಷಿಯರೇ, ಅಂಗಡಿಗೆ ಕೊಟ್ಟರೆ ಇದು ಗಾಜಿನ ಬೀರುವಿನಲ್ಲಿ ಕೂರುತ್ತದೆ. ಹೊಡೆಯುವವರ ಕೈಗೆ ಹೋಗಲಿ ಎಂದು ನನ್ನ ಆಸೆ. ಬೆಲೆಯ ಮಾತು ಆಮೇಲೆ" ಎಂದರು.

ಕ್ಯಾಷಿಯರರು ಮನೆಗೆ ಬಂದು ಕಾಗದದ ಮೇಲೆ ನಡುವೆ ಗೆರೆಯೆಳೆದು ಲೆಕ್ಕ ಬರೆದರು. ಕಿಟ್ಟಿನ ಬೆಲೆ ಸುಬೇದಾರರು ಕೇಳಬಹುದಾದ ಬೆಲೆಗಿಂತ ಬಹಳ ಕಡಿಮೆಯೇನೂ ಇರಲಿಲ್ಲ. ಅರ್ಧ ಪಿಸ್ತೂಲಿಗೆ ಮುಕ್ಕಾಲು ಪಿಸ್ತೂಲಿನ ಬೆಲೆ ಏಕೆಂದು ಅವರ ಪತ್ನಿ ಕೇಳಿದರು. ಪ್ರಶ್ನೆ ಸರಿಯಾಗಿತ್ತು. .32 ತೋಟಾಗಳ ವೆಚ್ಚ .22ರ ತೋಟಾಗಳಿಗಿಂತ ಹೆಚ್ಚು. ಆದರೆ ಅದು ಎರಡು ದಾರಿಗೂ ಸಮಾನವಾದುದರಿಂದ ಲೆಕ್ಕದಿಂದ ಬಿಟ್ಟುಹೋಯಿತು. ಹೀಗೆ ಕೂಡಿ ಕಳೆದು ನೋಡಿದಾಗ ಹಣದ ಮಟ್ಟಿಗೆ ಎರಡು ಪಕ್ಷಗಳೂ ಹೆಚ್ಚುಕಡಿಮೆ ತೂಗಿದವು.

ಇದರ ನಡುವೆ ಸ್ನೇಹಿತರೊಬ್ಬರು ಮೂರನೆಯ ದಾರಿಯೊಂದನ್ನು ಸೂಚಿಸಿದರು. ಪೀಣ್ಯದಲ್ಲಿ ಎಂಥ ಲೋಹವನ್ನಾದರೂ ಕೂದಲೆಳೆಯ ಲೆಕ್ಕದಲ್ಲಿ ಕಡೆದು ಕೊಡುವ ಲೇತಿನ ನಿಪುಣರಿದ್ದಾರೆ. ಅವರಿಂದ ಒಂದು ನಳಿಗೆ ಮಾಡಿಸಬಾರದೇ ಎಂದರು. ಸುಬೇದಾರರ ಕಿವಿಗೆ ಇದು ಬಿದ್ದಾಗ ಅವರು ಸಿಟ್ಟಾದದ್ದನ್ನು ರೇಂಜಿನವರು ಮೊದಲ ಬಾರಿ ಕಂಡರು. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದು ಮಾತ್ರವಲ್ಲ, ಪರಿವರ್ತಿಸುವುದೂ ಅಪರಾಧ. ಬಿಡಿಭಾಗವೂ ಆ ಕಾಯಿದೆಯ ಕಣ್ಣಿಗೆ ಬಂದೂಕೇ. "ಜೈಲಿನ ಮಾತು ಹಾಗಿರಲಿ, ಮನೆಯಲ್ಲಿ ಮಾಡಿದ ನಳಿಗೆ ಸಿಡಿದರೆ ಪಕ್ಕದಲ್ಲಿ ನಿಂತವನ ಕಣ್ಣು ಯಾರು ಕೊಡುತ್ತಾರೆ?" ಎಂದು ಸುಬೇದಾರರು ಕೇಳಿದರು. ಮೂರನೆಯ ದಾರಿ ಅಲ್ಲಿಗೇ ಮುಚ್ಚಿತು.

ಉಳಿದ ಎರಡು ದಾರಿಗಳ ಮೇಲೆ ರೇಂಜಿನ ಮರದ ಕೆಳಗೆ ಹಲವು ಭಾನುವಾರ ಚರ್ಚೆ ನಡೆಯಿತು. ಕ್ಯಾಷಿಯರರದು ಪುರಾಣದ ವಾದ. ಅರ್ಜುನನಿಗೆ ಇದ್ದದ್ದು ಒಂದೇ ಗಾಂಡೀವ. ಪಾಶುಪತ ಬಂದಾಗಲೂ ಬಿಲ್ಲು ಅದೇ, ಆಗ್ನೇಯ ಬಂದಾಗಲೂ ಬಿಲ್ಲು ಅದೇ. ಅಸ್ತ್ರ ಬದಲಾಯಿತೇ ಹೊರತು ಹಿಡಿ ಬದಲಾಗಲಿಲ್ಲ. ಸುಬೇದಾರರು ಇದನ್ನು ಪೂರ್ಣ ಕೇಳಿ, "ಸರಿ. ಕರ್ಣನ ರಥದ ಗಾಲಿ ಹೂತುಹೋದಾಗ ಹತ್ತಿರದಲ್ಲಿ ಇನ್ನೊಂದು ರಥ ಇದ್ದಿದ್ದರೆ?" ಎಂದರು. ಯಂತ್ರವೆಂದ ಮೇಲೆ ಎಂದಾದರೂ ಒಂದು ದಿನ ಕೆಡುವುದೇ. ಒಂದೇ ಪಿಸ್ತೂಲಾದರೆ ಒಂದು ಸಣ್ಣ ಸ್ಪ್ರಿಂಗು ಮುರಿದಾಗ ಎರಡು ಸ್ಪರ್ಧೆಗಳೂ ಹೋಗುತ್ತವೆ ಎಂಬುದು ಅವರ ಅಭಿಪ್ರಾಯ.

ಹೊಸ ಹಿಡಿಗೆ ಕೈ ಹೊಂದುವುದು ಕಷ್ಟವೆಂದು ಕ್ಯಾಷಿಯರರು ಹೇಳಿದಾಗ ಸುಬೇದಾರರು ಹಂಗೇರಿಯ ಕಾರೋಲಿ ಟಾಕಾಚನ ಕಥೆಯನ್ನು ಎತ್ತಿದರು. 1938ರಲ್ಲಿ ಸೈನ್ಯದ ತರಬೇತಿಯ ವೇಳೆ ಗ್ರೆನೇಡು ಸಿಡಿದು ಅವನ ಬಲಗೈ ಹಾಳಾಯಿತು. ಅವನು ಎಡಗೈಯಲ್ಲಿ ಹೊಡೆಯುವುದನ್ನು ಕಲಿತು, 1948ರ ಲಂಡನ್ ಒಲಿಂಪಿಕ್ಸಿನ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಗೆದ್ದ. "ಅವನು ಕೈಯನ್ನೇ ಬದಲಾಯಿಸಿದ. ನೀವು ಹಿಡಿ ಬದಲಾಯಿಸಲು ಹೆದರುತ್ತೀರಿ" ಎಂದರು. ಕ್ಯಾಷಿಯರರು ಮನಸ್ಸಿನಲ್ಲೇ ಕಳೆದು ನೋಡಿ, "ಹತ್ತು ವರ್ಷ ಹಿಡಿಯಿತಲ್ಲ ಸುಬೇದಾರರೇ. ಹತ್ತು ವರ್ಷಕ್ಕೆ ನನಗೆ ಐವತ್ತೊಂದು" ಎಂದರು. ಮರದ ಕೆಳಗೆ ಎಲ್ಲರೂ ನಕ್ಕರು, ಸುಬೇದಾರರೂ ನಕ್ಕರು.

ಮಾತಿನಿಂದ ತೀರ್ಮಾನವಾಗದ್ದನ್ನು ಪರೀಕ್ಷಿಸಿಯೇ ನೋಡಬೇಕೆಂದು, ಸುಬೇದಾರರ ಸಮ್ಮುಖದಲ್ಲಿ ಕ್ಯಾಷಿಯರರು ಆ ಪಾರ್ಡಿನಿಯನ್ನು ಹಿಡಿದು ನಿಂತರು. ಸುಬೇದಾರರ ಅಂಗೈ ಅಗಲವಾದುದು. ಹಿಡಿ ಕ್ಯಾಷಿಯರರ ಕೈಯಲ್ಲಿ ದೊಡ್ಡಣ್ಣನ ಅಂಗಿಯಂತೆ ಸಡಿಲವಾಯಿತು. ತೋಳನ್ನೆತ್ತಿದರೆ ಮುಂದಿನ ಸೈಟು ನಡುವೆ ಬರದೆ ಎಡಕ್ಕೆ ಇಣುಕುತ್ತಿತ್ತು. ಪ್ರತಿ ಬಾರಿಯೂ ಮಣಿಕಟ್ಟನ್ನು ತಿರುಚಿ ಸರಿಮಾಡಬೇಕಾಗಿತ್ತು. ಐದು ಗುಂಡುಗಳಿಗೆ ಐವತ್ತರಲ್ಲಿ ಮೂವತ್ತೊಂಬತ್ತು. ಹಿಡಿಯನ್ನು ಬೇರೆ ಮಾಡಿಸಬಹುದೆಂದು ಎಲ್ಲರೂ ಹೇಳಿದರು. ಮಾಡಿಸಬಹುದು, ಆದರೆ ಮತ್ತೆ ಮೂರು ವರ್ಷದ ಅರ, ಮೂರು ವರ್ಷದ ಮೇಣ. ಇಷ್ಟಾದರೂ ಕ್ಯಾಷಿಯರರ ಮನಸ್ಸು ಪಾರ್ಡಿನಿಯ ಕಡೆಗೇ ವಾಲುತ್ತಿತ್ತು. ಅದಕ್ಕೆ ಕಾರಣ ಪಿಸ್ತೂಲಲ್ಲ, ಅದನ್ನು ಮರಳಿ ಪೆಟ್ಟಿಗೆಯಲ್ಲಿಡುವಾಗ ನಡುಗಿದ ಕೈ. ಆ ಮುದುಕನಿಗೆ ಇಲ್ಲವೆನ್ನುವುದು ಹೇಗೆಂದು ಅವರು ಹಲವು ರಾತ್ರಿ ಯೋಚಿಸಿದರು.

ಪರವಾನಗಿಯ ಪುಸ್ತಕವನ್ನು ಬೀರುವಿನಿಂದ ತೆಗೆದದ್ದು ಆಗ. ಅದರಲ್ಲಿ ಎರಡು ಆಯುಧಗಳು ನಮೂದಾಗಿದ್ದವು. ಒಂದು ಈ ಪಿಸ್ತೂಲು. ಇನ್ನೊಂದು ತಂದೆಯವರಿಂದ ಬಂದ ಜೋಡುನಳಿಗೆಯ ಕೋವಿ. 2019ರಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿಯಾಗಿ, ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವಾಗಿ ಬಂದದ್ದೂ ಈ ಎರಡರ ಒಳಗೇ ಸೇರಬೇಕು. ಹೆಸರಾದ ಸ್ಪರ್ಧಿಗಳಿಗೆ ಸರ್ಕಾರ 2020ರ ಅಧಿಸೂಚನೆಯ ಮೂಲಕ ಹೆಚ್ಚಿನ ಅವಕಾಶ ಕೊಟ್ಟಿದೆ. ಆದರೆ ಕ್ಯಾಷಿಯರರ ಹೆಸರು ಬ್ಯಾಂಕಿನ ಹಾಜರಿ ಪುಸ್ತಕವನ್ನು ಬಿಟ್ಟು ಬೇರೆ ಯಾವ ದೊಡ್ಡ ಪಟ್ಟಿಯಲ್ಲಿಯೂ ಇರಲಿಲ್ಲ. ಪಾರ್ಡಿನಿ ಒಳಗೆ ಬರಬೇಕಾದರೆ ಕೋವಿ ಹೊರಗೆ ಹೋಗಬೇಕು.

ಆ ಕೋವಿ ತೀರ್ಥಹಳ್ಳಿಯ ಕಡೆಯ ಅಡಕೆ ತೋಟದಲ್ಲಿ ಮೂವತ್ತು ವರ್ಷ ಗೋಡೆಯ ಗೂಟಕ್ಕೆ ತೂಗಿದ್ದದ್ದು. ತೋಟಕ್ಕೆ ಮಂಗಗಳ ಹಿಂಡು ಬಂದಾಗ ತಂದೆ ಅಂಗಳದ ತುದಿಗೆ ಹೋಗಿ ಆಕಾಶಕ್ಕೊಂದು ಈಡು ಹಾರಿಸುತ್ತಿದ್ದರು. ಸದ್ದು ಗುಡ್ಡಕ್ಕೆ ಹೋಗಿ ಮರಳಿ ಬರುತ್ತಿತ್ತು. ತೋಟಾದ ಚೀಲವನ್ನು ಹೊತ್ತು ಹಿಂದೆ ನಿಲ್ಲುವುದು ಹುಡುಗನ ಕೆಲಸ. ಖಾಲಿಯೆಂದು ಗೊತ್ತಿದ್ದರೂ ಕೋವಿಯ ಬಾಯಿ ಮನುಷ್ಯನ ಕಡೆಗೆ ತಿರುಗಬಾರದೆಂಬ ಮೊದಲ ಪಾಠ ಕಲಿತದ್ದು ಆ ಅಂಗಳದಲ್ಲಿ. ತೋಟ ಮಾರಿಹೋಯಿತು; ತಂದೆ ತೀರಿಹೋದರು; ಒಬ್ಬನೇ ಮಗನ ಪರವಾನಗಿಗೆ ಕೋವಿ ಬಂದು ಸೇರಿತು. ಅಂದಿನಿಂದ ಅದು ಒಂದು ಈಡನ್ನೂ ಹಾರಿಸಿಲ್ಲ. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀತಿ ಪಡೆದು, ಚುನಾವಣೆ ಮುಗಿದ ಮೇಲೆ ಬಿಡಿಸಿಕೊಂಡು ಬರುವುದಷ್ಟೇ ಅದರ ಪ್ರಯಾಣ. ಲೆಕ್ಕದ ಪುಸ್ತಕದಲ್ಲಿ ಬರೆದರೆ ಅದರ ಎದುರಿಗೆ ಬರೀ ಖರ್ಚೇ ಬರುತ್ತಿತ್ತು.

ಕ್ಯಾಷಿಯರರು ಹೆಂಡತಿಯನ್ನು ಕೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೀ, ನನ್ನ ಬಳೆ ಅಡವಿಟ್ಟಾಗ ಬಿಡಿಸಿಕೊಂಡು ಬರುತ್ತೀರಿ ಅಂತ ಗೊತ್ತಿತ್ತು. ಕೋವಿ ಕೊಟ್ಟರೆ ಬಿಡಿಸಿಕೊಂಡು ಬರುವುದಕ್ಕೆ ಆಗುತ್ತದೆಯೇ?" ಎಂದರು.

ಮುಂದಿನ ಭಾನುವಾರ ಅವರು ಸುಬೇದಾರರಿಗೆ ಎಲ್ಲವನ್ನೂ ತಿಳಿಸಿದರು. ಸುಬೇದಾರರಿಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂವಿನ ಹೂ ಮುಡಿಸಿ ಪೂಜಿಸುವ ನಾಡಿನಿಂದ ಬಂದವರು ಅವರು. ಅವರು ತಲೆದೂಗಿ, ತಮ್ಮದೇ ಹಳೆಯ ಕಥೆಯೊಂದನ್ನು ಹೇಳಿದರು. ಹಿಂದೆ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ .22 ಶಾರ್ಟ್ ಎಂಬ ಗಿಡ್ಡ ತೋಟಾ ನಡೆಯುತ್ತಿತ್ತು. ಒದೆತ ಅತಿ ಕಡಿಮೆ. ಸುಬೇದಾರರು ಸಾಲ ಮಾಡಿ ಅದಕ್ಕೆಂದೇ ಒಂದು ಪಿಸ್ತೂಲು ಕೊಂಡಿದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್ ಮುಗಿಯಿತು; 2005ರಿಂದ ನಿಯಮ ಬದಲಾಯಿತು; .22 ಶಾರ್ಟ್ ನಿಂತು .22 ಲಾಂಗ್ ರೈಫಲ್ ಬಂದಿತು; ಟ್ರಿಗರಿನ ತೂಕ ಕನಿಷ್ಠ 1000 ಗ್ರಾಂ ಇರಬೇಕೆಂದಾಯಿತು. ಆ ಪಿಸ್ತೂಲು ಒಂದೇ ಹೊಸವರ್ಷದ ಬೆಳಗ್ಗೆ ಕಾಗದದ ಮೇಲಿಡುವ ಭಾರವಾಯಿತು. ಮೇಲ್ಭಾಗ ಬದಲಾಯಿಸಬಲ್ಲ ಪಿಸ್ತೂಲುಗಳನ್ನು ಇಟ್ಟುಕೊಂಡಿದ್ದ ಕೆಲವರು ಭಾಗವನ್ನು ತರಿಸಿ ಮುಂದುವರಿದರು. "ನನ್ನದು ಬದಲಾಗುವಂಥದ್ದಲ್ಲ. ಆಮೇಲೆ ನಾನು ಸೆಂಟರ್ ಫೈರಿಗೆ ಬಂದೆ. ಇದನ್ನು ನಿಮಗೆ ಮೊದಲೇ ಹೇಳಬೇಕಾಗಿತ್ತು. ಪಿಸ್ತೂಲು ಮಾರಬೇಕೆಂಬ ಆಸೆಯಲ್ಲಿ ಹೇಳಲಿಲ್ಲ. ನೀವು ಕಿಟ್ಟನ್ನೇ ತನ್ನಿ" ಎಂದರು.

ಕಿಟ್ಟನ್ನು ಪರವಾನಗಿಯಲ್ಲಿ ಅದೇ ಪಿಸ್ತೂಲಿನ ಭಾಗವಾಗಿ ನಮೂದಿಸಿಕೊಳ್ಳಲು ಅರ್ಜಿ, ಅರ್ಜಿಗೆ ಲಗತ್ತು, ಲಗತ್ತಿಗೆ ಸಾಕ್ಷಿ ಎಂದು ನಾಲ್ಕು ತಿಂಗಳು ಕಳೆದವು. ಕೊನೆಗೊಂದು ಭಾನುವಾರ ಕ್ಯಾಷಿಯರರು .32ರ ಮೇಲ್ಭಾಗವನ್ನು ಹಳೆಯ ಮೈಯ ಮೇಲೆ ಕೂರಿಸಿ ತೋಳನ್ನೆತ್ತಿದರು. ಸುಮಾರು ನೂರು ಗ್ರಾಂ ಭಾರ ಹೆಚ್ಚಿತ್ತು. ಸೈಟುಗಳು ನಡುವೆ ಬಂದು ನಿಂತವು. ಸದ್ದು ದೊಡ್ಡದು, ಮಣಿಕಟ್ಟು ಮೇಲಕ್ಕೆ ಹಾರಿತು, ಆದರೆ ಇಳಿದು ಬಂದಾಗ ಹಿಡಿ ಇದ್ದಲ್ಲಿಯೇ ಇತ್ತು. ಐದು ಗುಂಡಿಗೆ ನಲವತ್ತೈದು. ಸುಬೇದಾರರು ದೂರದರ್ಶಕದಿಂದ ಕಣ್ಣು ತೆಗೆಯದೆ, "ಪರವಾಗಿಲ್ಲ" ಎಂದರು. ಸೈನ್ಯದಲ್ಲಿದ್ದವರ ಬಾಯಿಂದ ಅದು ದೊಡ್ಡ ಪ್ರಶಂಸೆ.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಪಿಸ್ತೂಲು ಅರ್ಧ ಗಂಟೆಯೊಳಗೆ ಪರಿವರ್ತನೆಯಾಗುತ್ತಿತ್ತು, ಮನುಷ್ಯ ಆಗುತ್ತಿರಲಿಲ್ಲ. ಮೂರು ತಿಂಗಳು .32ರಲ್ಲಿ ಅಭ್ಯಾಸ ಮಾಡಿ, ರಾಜ್ಯಮಟ್ಟದ ಸ್ಪರ್ಧೆಗೆ ಹೋದಾಗ, ಮೊದಲ ದಿನ .22ರ ಸ್ಟ್ಯಾಂಡರ್ಡ್ ಪಿಸ್ತೂಲು, ಮರುದಿನ ಸೆಂಟರ್ ಫೈರ್. ಮೊದಲ ದಿನದ ಕೊನೆಯ ಭಾಗದಲ್ಲಿ ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯಬೇಕು. ಬರದ ಒದೆತಕ್ಕಾಗಿ ಕ್ಯಾಷಿಯರರ ಮಣಿಕಟ್ಟು ಮುಂಚಿತವಾಗಿಯೇ ಬಿಗಿಯಿತು. ಮೆಟ್ಟಿಲು ಇನ್ನೊಂದಿದೆಯೆಂದು ಕತ್ತಲಲ್ಲಿ ಕಾಲಿಟ್ಟವನಂತೆ ಅವರ ಕೈ ಮುಗ್ಗರಿಸಿ ಒಂದು ಗುಂಡು ಐದು ಅಂಕದ ವೃತ್ತಕ್ಕೆ, ಇನ್ನೊಂದು ಆರಕ್ಕೆ ಹೋಯಿತು. ಎರಡು ಪಿಸ್ತೂಲುಗಳಿದ್ದಿದ್ದರೆ, ಹಿಡಿಯೇ ಬೇರೆಯಾಗಿದ್ದಿದ್ದರೆ, ಕೈ ಆ ವ್ಯತ್ಯಾಸದಿಂದಲೇ ಎಚ್ಚರಗೊಳ್ಳುತ್ತಿತ್ತೋ ಏನೋ. ಹಿಡಿ ಒಂದೇ ಆದುದೇ ಅಲ್ಲಿ ಮೋಸವಾಯಿತು. ಮರುದಿನದ ಸೆಂಟರ್ ಫೈರಿನಲ್ಲಿ 600ಕ್ಕೆ 548 ಬಂದಿತು. ಬಹುಮಾನದ ಪಟ್ಟಿಯಲ್ಲಿ ಹೆಸರಿರಲಿಲ್ಲ. ಆದರೆ ಮೊದಲ ಸಲಕ್ಕೆ ನಾಚಿಕೆಪಡಬೇಕಾದ ಅಂಕವೂ ಅಲ್ಲ.

ಅಂದಿನಿಂದ ಅವರು ಒಂದು ನಿಯಮ ಮಾಡಿಕೊಂಡರು. ವರ್ಷದ ಇಷ್ಟು ತಿಂಗಳು .22, ಇಷ್ಟು ತಿಂಗಳು .32, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡು ವಾರ ಅಂಕ ಎಣಿಸುವಂತಿಲ್ಲ. ಕ್ಯಾಷಿಯರರಿಗೆ ಎಣಿಸದಿರುವುದೇ ಎಲ್ಲಕ್ಕಿಂತ ಕಠಿಣವಾದ ಅಭ್ಯಾಸವಾಯಿತು. ಕಿಟ್ಟೋ ಇನ್ನೊಂದು ಪಿಸ್ತೂಲೋ ಎಂದು ಈಗ ಹೊಸಬರು ಯಾರಾದರೂ ಕೇಳಿದರೆ ಅವರು ನೇರವಾದ ಉತ್ತರ ಕೊಡುವುದಿಲ್ಲ. ಒಂದೇ ಕೂಟದಲ್ಲಿ ಎರಡು ಸ್ಪರ್ಧೆಗಳಿಗೂ ಬಹುಮಾನದ ಆಸೆಯಿಂದ ನಿಲ್ಲುವವರಿಗೆ ಎರಡು ಪಿಸ್ತೂಲು ಲೇಸೆನ್ನುತ್ತಾರೆ. ಒಂದನ್ನು ಮುಖ್ಯವಾಗಿಟ್ಟುಕೊಂಡು ಇನ್ನೊಂದನ್ನು ಪ್ರೀತಿಗಾಗಿ ಹೊಡೆಯುವವರಿಗೆ ಕಿಟ್ಟು ಸಾಕೆನ್ನುತ್ತಾರೆ. ಆಮೇಲೆ, "ಮೊದಲು ಪರವಾನಗಿಯ ಪುಸ್ತಕ ತೆಗೆದು ನೋಡಿ" ಎಂದು ಸೇರಿಸುತ್ತಾರೆ.

ಸುಬೇದಾರರ ಪಾರ್ಡಿನಿ ಅಂಗಡಿಯ ಗಾಜಿನ ಬೀರುವಿಗೆ ಹೋಗಲಿಲ್ಲ. ರೇಂಜಿಗೆ ಬರುತ್ತಿದ್ದ ತರುಣನೊಬ್ಬನ ಪರವಾನಗಿಗೆ ವರ್ಗವಾಯಿತು. ಅವನ ಅಂಗೈ ಅಗಲವಾದುದು. ಹಿಡಿಗೆ ಅರ ಮುಟ್ಟಿಸಬೇಕಾಗಲಿಲ್ಲ. ಅವನು ಹೊಡೆಯುವಾಗ ಸುಬೇದಾರರು ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕ್ಯಾಷಿಯರರು ಪಕ್ಕದ ಕಟ್ಟೆಯಿಂದ ಒಮ್ಮೊಮ್ಮೆ ಆ ಪಿಸ್ತೂಲಿನ ಕಡೆಗೆ ನೋಡುವುದುಂಟು.

ಆ ವರ್ಷದ ಆಯುಧಪೂಜೆಯ ದಿನ ಮನೆಯ ಮಣೆಯ ಮೇಲೆ ಕೋವಿಯನ್ನೂ, ಪಿಸ್ತೂಲನ್ನೂ, ಅದರ ಪಕ್ಕದಲ್ಲಿ ಕಳಚಿದ ಇನ್ನೊಂದು ಮೇಲ್ಭಾಗವನ್ನೂ ಇಟ್ಟರು. ಅಡುಗೆಮನೆಯ ಈಳಿಗೆಮಣೆಯೂ ಸ್ಕೂಟರಿನ ಬೀಗದ ಕೈಯೂ ಬಂದು ಸೇರಿದವು. ಕ್ಯಾಷಿಯರರ ಪತ್ನಿ ಕುಂಕುಮದ ಬಟ್ಟಲು ಹಿಡಿದು, ಮೊದಲು ಮಾವನವರ ಕೋವಿಗೆ ಬೊಟ್ಟಿಟ್ಟು ಹೂವೇರಿಸಿದರು. ಪಿಸ್ತೂಲಿನ ಮುಂದೆ ಬಂದಾಗ ಬೆರಳು ನಿಂತಿತು.

"ರೀ, ಇದು ಒಂದೋ ಎರಡೋ? ಬೊಟ್ಟು ಎಷ್ಟು ಇಡಲಿ?"

ಕ್ಯಾಷಿಯರರು ಯೋಚಿಸುತ್ತಿದ್ದಂತೆಯೇ ಆಕೆ ತಾವೇ ತೀರ್ಮಾನಿಸಿ, ಬೆವರಿನಿಂದ ಕಪ್ಪಾಗಿದ್ದ ಮರದ ಹಿಡಿಯ ಮೇಲೆ ಒಂದೇ ಬೊಟ್ಟನ್ನಿಟ್ಟು ಮುಂದಕ್ಕೆ ಸರಿದರು. ಕ್ಯಾಷಿಯರರು ಕಾಯಿ ಒಡೆದರು.